ಯಾವ ಅಂಕದ ಶಕುಂತಲೆ?

ಕಾಳಿದಾಸನ 'ಅಭಿಜ್ಞಾನ ಶಾಕುಂತಲ'ಕ್ಕೆ ಏಳು ಅಂಕ. ಏಳನ್ನೂ ಒಂದೇ ಸಮ ಪ್ರೀತಿಸಿದ ಕಾಲ ಯಾವುದೂ ಬಂದುಹೋದಂತೆ ಕಾಣುವುದಿಲ್ಲ. ಸಂಸ್ಕೃತದ ಪಂಡಿತರು ನಾಲ್ಕನೆಯ ಅಂಕವನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಯುರೋಪಿನ ಕವಿಗಳು ಒಂದನೆಯ ಅಂಕದ ಆಶ್ರಮಕ್ಕೆ ಮರುಳಾದರು. ರವೀಂದ್ರನಾಥ ಟಾಗೋರರಿಗೆ ಏಳನೆಯದನ್ನು ಮುಟ್ಟದೆ ನಾಟಕ ಮುಗಿಯುವಂತಿರಲಿಲ್ಲ. ಕಳೆದ ಐವತ್ತು ವರ್ಷಗಳ ಓದುಗರು, ಅದರಲ್ಲೂ ಹೆಣ್ಣುಮಕ್ಕಳು, ಐದನೆಯ ಅಂಕದ ಆಸ್ಥಾನದಲ್ಲಿ ಕಾಲೂರಿ ನಿಂತಿದ್ದಾರೆ. ಸುಮಾರು ಒಂದೂವರೆ ಸಾವಿರ ವರ್ಷ ಬಾಳಿದ ಈ ನಾಟಕದ ವಿಮರ್ಶೆಯ ಕಥೆ ಹೇಳಹೊರಟವರಿಗೆ ಯಾವ ಸಿದ್ಧಾಂತದ ಹಂಗೂ ಬೇಕಿಲ್ಲ. ಯಾರು ಯಾವ ಅಂಕದ ಎದುರು ಕುಳಿತರು, ಏಳುವಾಗ ಯಾವ ಅಂಕದಿಂದ ಮುಖ ತಿರುಗಿಸಿದರು ಎಂದು ಕೇಳುತ್ತ ಹೋದರೆ ಸಾಕು.

ಎಲ್ಲರೂ ಎಡವುವ ಜಾಗ ಮಾತ್ರ ಒಂದೇ: ರಾಜ ಶಕುಂತಲೆಯನ್ನು ಮರೆಯುವಂತೆ ಮಾಡಿದ ದುರ್ವಾಸನ ಶಾಪ.

ಮಹಾಭಾರತದ ಆದಿಪರ್ವದಲ್ಲಿ ಈ ಶಾಪವಿಲ್ಲ. ಅಲ್ಲಿಯ ಶಕುಂತಲೆಯೂ ಬೇರೆಯೇ ಧಾಟಿಯ ಹೆಣ್ಣು. ಕಣ್ವ ಆಶ್ರಮದಲ್ಲಿಲ್ಲದ ಹೊತ್ತಿನಲ್ಲಿ ಬಂದ ರಾಜನಿಗೆ ತನ್ನ ಹುಟ್ಟಿನ ವೃತ್ತಾಂತವನ್ನು ತಾನೇ ಹೇಳುತ್ತಾಳೆ. ಗಾಂಧರ್ವ ವಿವಾಹಕ್ಕೆ ಒಪ್ಪುವ ಮೊದಲು ಕರಾರು ಹಾಕುತ್ತಾಳೆ: ನನ್ನ ಹೊಟ್ಟೆಯಲ್ಲಿ ಹುಟ್ಟುವ ಮಗನೇ ಯುವರಾಜನಾಗಬೇಕು. ವರ್ಷಗಳು ಉರುಳಿದ ಮೇಲೆ, ಕಾಡಿನ ಮೃಗಗಳನ್ನು ಪಳಗಿಸುವಷ್ಟು ಬೆಳೆದ ಹುಡುಗನನ್ನು ಕರೆದುಕೊಂಡು ಹಸ್ತಿನಾಪುರಕ್ಕೆ ಹೋಗುತ್ತಾಳೆ. ದುಷ್ಯಂತನಿಗೆ ಎಲ್ಲವೂ ನೆನಪಿದೆ. ನೆನಪಿದ್ದೂ ನೀನು ಯಾರೋ ನನಗೆ ಗೊತ್ತಿಲ್ಲ ಎನ್ನುತ್ತಾನೆ. ಅವಳು ಅಳುವುದಿಲ್ಲ. ಹೆಂಡತಿ ಎಂದರೇನು, ಮಗ ಎಂದರೇನು, ಸತ್ಯದ ತೂಕವೆಷ್ಟು ಎಂದು ತುಂಬಿದ ಸಭೆಯಲ್ಲಿ ವಾದ ಹೂಡುತ್ತಾಳೆ. ಕೊನೆಗೆ ಅಶರೀರವಾಣಿ ಅವಳ ಪರ ನಿಲ್ಲುತ್ತದೆ. ಆಗ ರಾಜ ಹೇಳುವ ಸಮಜಾಯಿಷಿ ಬಹಳ ಲೌಕಿಕವಾದದ್ದು: ನನಗೆ ಗೊತ್ತಿತ್ತು, ಆದರೆ ನಿನ್ನ ಮಾತೊಂದನ್ನೇ ನಂಬಿ ಮಗನನ್ನು ಒಪ್ಪಿಕೊಂಡಿದ್ದರೆ ಜನ ಶಂಕಿಸುತ್ತಿದ್ದರು. ಉಂಗುರವಿಲ್ಲ, ಮೀನಿಲ್ಲ, ಮರೆವಿಲ್ಲ. ರಾಜ ಗುರುತಿಗೆಂದು ಉಂಗುರ ಕೊಟ್ಟು ಆಮೇಲೆ ಅಲ್ಲಗಳೆಯುವ ಕಥೆ ಬೌದ್ಧರ ಕಟ್ಠಹಾರಿ ಜಾತಕದಲ್ಲಿದೆ. ಅಲ್ಲಿ ನಾಯಕಿ ಕಾಡಿನಲ್ಲಿ ಸೌದೆ ಆರಿಸುವವಳು.

ಕಾಳಿದಾಸ ಇದನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದ. ಹುಟ್ಟಿನ ಕಥೆ ಈಗ ಗೆಳತಿಯ ಬಾಯಿಗೆ ಹೋಯಿತು, ಕರಾರು ಮಾಯವಾಯಿತು, ಸಂಸ್ಕೃತದಲ್ಲಿ ವಾದಿಸುತ್ತಿದ್ದವಳು ನಾಟಕದ ಕಟ್ಟಳೆಯಂತೆ ಪ್ರಾಕೃತದಲ್ಲಿ ನಾಚತೊಡಗಿದಳು. ರಾಜನ ಸುಳ್ಳು ಮರೆವಾಯಿತು, ಮರೆವಿಗೆ ಶಾಪ ಕಾರಣವಾಯಿತು. ಮರುವ್ಯಾಖ್ಯಾನದ ಚರಿತ್ರೆ ನಾಟಕ ಬರೆದ ಮೇಲೆ ಶುರುವಾಯಿತೆಂದು ನಾವು ಭಾವಿಸುತ್ತೇವೆ. ಇಲ್ಲಿ ಮೊದಲ ಮರುವ್ಯಾಖ್ಯಾನಕಾರ ಕಾಳಿದಾಸನೇ. ಹಳೆಯ ಕಥೆಯಲ್ಲಿ ತನ್ನ ಕಾಲಕ್ಕೆ ಮುಜುಗರವಾಗುವಂಥದ್ದೇನೋ ಅವನಿಗೆ ಕಂಡಿತ್ತು.

ಆ ಮುಜುಗರ ಏನೆಂಬುದನ್ನು ಸಂಕೋಚವಿಲ್ಲದೆ ಹೇಳಿದವನು ಕಾಶ್ಮೀರದ ಕುಂತಕ. ಹತ್ತನೆಯ ಶತಮಾನದ ಆಸುಪಾಸಿನ ಅವನ 'ವಕ್ರೋಕ್ತಿಜೀವಿತ' ದುರ್ವಾಸನ ಶಾಪವನ್ನು ಪ್ರಕರಣವಕ್ರತೆಗೆ, ಎಂದರೆ ಮೂಲದಲ್ಲಿಲ್ಲದ ಒಂದು ಪ್ರಸಂಗವನ್ನು ಕವಿ ಹೊಸೆದು ಸೇರಿಸಿ ಇಡೀ ಕೃತಿಗೆ ಕಳೆ ತರುವುದಕ್ಕೆ, ನಿದರ್ಶನವಾಗಿ ಎತ್ತಿಕೊಳ್ಳುತ್ತದೆ. ಕಾರಣವಿಲ್ಲದೆ ಮರೆಯುವ ನಾಯಕ ಇದ್ದರೆ ರಸ ಕೆಡುತ್ತದೆ. ಶಾಪ ಆ ಕೇಡನ್ನು ತಪ್ಪಿಸಿತು ಎಂಬುದು ಅವನ ವಾದದ ತಿರುಳು. ಶಕುಂತಲೆಗೆ ನ್ಯಾಯವಾಯಿತೇ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ನಾಯಕ ನಾಯಕನಾಗಿ ಉಳಿದನೇ ಎಂಬುದು ಪ್ರಶ್ನೆ. ಇದನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ಕವಿ ಇಲ್ಲಿ ಏನನ್ನು ಕೆತ್ತಿ ತೆಗೆದ, ಯಾಕೆ ತೆಗೆದ ಎಂದು ಇಷ್ಟು ನಿಚ್ಚಳವಾಗಿ ಕಂಡವರು ಕುಂತಕನ ನಂತರ ಬಹುಕಾಲ ಬರಲಿಲ್ಲ. ಅಂದಹಾಗೆ, ಈ ಗ್ರಂಥವನ್ನು ಪರಿಷ್ಕರಿಸಿ ಇಂಗ್ಲಿಷ್ ಅನುವಾದದೊಂದಿಗೆ ಕೊಟ್ಟವರು ನಮ್ಮ ಕೆ. ಕೃಷ್ಣಮೂರ್ತಿಯವರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಅದನ್ನು 1977ರಲ್ಲಿ ಪ್ರಕಟಿಸಿತು.

ಉಳಿದ ಆಲಂಕಾರಿಕರಿಗೆ ನಾಟಕವೆಂದರೆ ಬಿಡಿ ಬಿಡಿ ಶ್ಲೋಕಗಳ ಗಣಿ. ಅಭಿನವಗುಪ್ತ ಒಂದನೆಯ ಅಂಕದ ಓಡುವ ಜಿಂಕೆಯನ್ನು ಹಿಡಿದುಕೊಂಡು ಭಯಾನಕ ರಸದ ಅನುಭವ ಹೇಗೆ ಆಗುತ್ತದೆಂದು ವಿವರಿಸಿದ. ಓಡುವ ಜಿಂಕೆಗೂ ಬೇಟೆಗೆ ಸಿಕ್ಕ ಹುಡುಗಿಗೂ ಸಂಬಂಧ ಕಲ್ಪಿಸುವ ಕೆಲಸ ಅವನದಾಗಿರಲಿಲ್ಲ. ಸಾಮಾನ್ಯ ಪಂಡಿತವರ್ಗ ನಾಲ್ಕನೆಯ ಅಂಕವನ್ನೂ ಅದರೊಳಗಿನ ನಾಲ್ಕು ಶ್ಲೋಕಗಳನ್ನೂ ಸಂಸ್ಕೃತ ನಾಟಕದ ಶಿಖರವೆಂದು ಸಾರಿತು. ಕಣ್ವ ಮಗಳನ್ನು ಗಂಡನ ಮನೆಗೆ ಕಳಿಸುವ ಅಂಕ ಅದು. ಮರಗಿಡಗಳು ಸೀರೆ ಒಡವೆ ಕೊಡುತ್ತವೆ, ಸಾಕಿದ ಜಿಂಕೆಮರಿ ಸೆರಗೆಳೆಯುತ್ತದೆ, ಸಂನ್ಯಾಸಿಯ ಗಂಟಲು ಕಟ್ಟುತ್ತದೆ. ಹೆಣ್ಣು ಹೆತ್ತ ಯಾರ ಮನೆಯಲ್ಲೂ ಈ ಅಂಕಕ್ಕೆ ಅಳದವರಿಲ್ಲ. ಆದರೆ ಅದೇ ಅಂಕದ ಶುರುವಿನಲ್ಲಿ, ತೆರೆಯ ಮರೆಯಲ್ಲಿ, ಶಾಪ ಬಿದ್ದಿರುತ್ತದೆ. ಗೆಳತಿಯರಾದ ಅನಸೂಯೆ, ಪ್ರಿಯಂವದೆಯರಿಗೆ ಮಾತ್ರ ಅದು ಗೊತ್ತು. ಮೆತ್ತಗಿನ ಸ್ವಭಾವದವಳೆಂದು ಶಕುಂತಲೆಗೆ ಹೇಳುವುದಿಲ್ಲ. ಹೊರಡುವ ಮಗಳಿಗೆ ಕಣ್ವ ಕೊಡುವ ಬುದ್ಧಿಮಾತು, ಅಂದರೆ ಹಿರಿಯರ ಸೇವೆ ಮಾಡು, ಸವತಿಯರನ್ನು ಗೆಳತಿಯರಂತೆ ಕಾಣು, ಗಂಡ ಸಿಡುಕಿದರೂ ಎದುರಾಡಬೇಡ ಎಂಬ ಉಪದೇಶ, ನಾಟಕದಿಂದ ಕಳಚಿಕೊಂಡು ಗೃಹಿಣೀಧರ್ಮದ ಸುಭಾಷಿತವಾಗಿ ಊರೂರು ತಿರುಗಿತು. ಯಾವ ಗಂಡನ ಮನೆಗೆ ಹೋಗಿ ಆ ಹೆಣ್ಣು ಏನು ಉಂಡಳು ಎಂಬುದು ಮುಂದಿನ ಅಂಕದಲ್ಲೇ ಇದೆ. ಸುಭಾಷಿತ ಸಂಗ್ರಹಗಳಿಗೆ ಮುಂದಿನ ಅಂಕಗಳಿರುವುದಿಲ್ಲ.

1789ರಲ್ಲಿ ಕಲ್ಕತ್ತೆಯ ಸುಪ್ರೀಂ ಕೋರ್ಟಿನ ನ್ಯಾಯಾಧೀಶ ವಿಲಿಯಂ ಜೋನ್ಸ್ ಈ ನಾಟಕವನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ. 'ನಾಟಕ' ಎಂದರೇನೆಂದು ಅವನು ಹಲವರನ್ನು ಕೇಳಿ ಸರಿಯಾದ ಉತ್ತರ ಸಿಗದಿದ್ದಾಗ, ರಾಧಾಕಾಂತ ಎಂಬ ಪಂಡಿತ, ಚಳಿಗಾಲದಲ್ಲಿ ನಿಮ್ಮವರು ಕಲ್ಕತ್ತೆಯಲ್ಲಿ ಆಡುತ್ತಾರಲ್ಲ, ಅಂಥದ್ದೇ ಎಂದನಂತೆ. ಜೋನ್ಸ್ ಮೊದಲು ಲ್ಯಾಟಿನ್ನಿಗೆ ಪದಕ್ಕೆ ಪದ ಇಳಿಸಿಕೊಂಡು, ಅಲ್ಲಿಂದ ಇಂಗ್ಲಿಷಿಗೆ ತಂದ. ಕಾಳಿದಾಸನನ್ನು ಭಾರತದ ಶೇಕ್ಸ್‌ಪಿಯರ್ ಎಂದು ಕರೆದವನೂ ಅವನೇ. ಆ ಬಿರುದಿನಿಂದ ಇವತ್ತಿಗೂ ಬಿಡುಗಡೆಯಾಗಿಲ್ಲ. ಶಕುಂತಲೆಯ ಮೈಯ ಬಣ್ಣನೆಯಲ್ಲಿ ತನ್ನ ಓದುಗರ ಕೆನ್ನೆ ಕೆಂಪಾಗಬಹುದಾದ ಕಡೆ ಜೋನ್ಸ್ ಮಾತನ್ನು ಮೆದು ಮಾಡಿದ. ಅವನ ಕೈಗೆ ಸಿಕ್ಕಿದ್ದು ಬಂಗಾಳದ ಪಾಠ. ಈ ನಾಟಕಕ್ಕೆ ಬಂಗಾಳ, ಮಿಥಿಲೆ, ಕಾಶ್ಮೀರ, ದೇವನಾಗರಿ, ದಕ್ಷಿಣ ಎಂದು ಬೇರೆ ಬೇರೆ ಪಾಠಗಳಿವೆ. ಬಂಗಾಳದ್ದರಲ್ಲಿ ಮೂರನೆಯ ಅಂಕದ ಪ್ರಣಯ ಉದ್ದ, ದೇವನಾಗರಿಯಲ್ಲಿ ಗಿಡ್ಡ. ಯಾವುದು ಮೂಲ ಎಂದು ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ಕಚ್ಚಾಡಿದ್ದರಲ್ಲಿ ಹಸ್ತಪ್ರತಿಶಾಸ್ತ್ರ ಎಷ್ಟಿತ್ತೋ, ಒಬ್ಬ ಮಹಾಕವಿ ಎಷ್ಟು ಶೃಂಗಾರ ಬರೆದಾನು ಎಂಬ ಅಭಿರುಚಿಯ ತಗಾದೆಯೂ ಅಷ್ಟೇ ಇತ್ತು.

ಜೋನ್ಸನ ಇಂಗ್ಲಿಷಿನಿಂದ ಗೇಯೋರ್ಗ್ ಫಾರ್ಸ್ಟರ್ 1791ರಲ್ಲಿ ಜರ್ಮನ್ನಿಗೆ ತಂದ. ಅನುವಾದದ ಅನುವಾದವನ್ನು ಓದಿ ಹರ್ಡರ್ ಕುಣಿದಾಡಿದ, ಗಯಟೆ ನಾಲ್ಕು ಸಾಲಿನ ಪದ್ಯ ಬರೆದ. 'ಫೌಸ್ಟ್'ನ ಆರಂಭದಲ್ಲಿ ರಂಗಮಂದಿರದ ಮುನ್ನುಡಿಯಿದೆಯಲ್ಲ, ಅದಕ್ಕೆ ಶಾಕುಂತಲದ ಸೂತ್ರಧಾರ-ನಟಿಯರ ಪ್ರಸ್ತಾವನೆಯೇ ಪ್ರೇರಣೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಫ್ರೆಂಚ್ ಕ್ರಾಂತಿಯ ಕಾಲದ ಆ ಯುರೋಪಿಗೆ ಬೇಕಾಗಿದ್ದದ್ದು ನಾಗರಿಕತೆಯ ಮಸಿ ತಾಗದ ಒಂದು ಹುಡುಗಿ. ಗಿಡಗಳಿಗೆ ನೀರೆರೆಯುವ, ಬಳ್ಳಿಯನ್ನು ತಂಗಿ ಎನ್ನುವ ಶಕುಂತಲೆ ಅದಕ್ಕೆ ಹೇಳಿ ಮಾಡಿಸಿದಂತಿದ್ದಳು. ಶೂಬರ್ಟ್ 1820ರಲ್ಲಿ ಇದನ್ನು ಆಪೆರಾ ಮಾಡಹೊರಟು ಅರ್ಧಕ್ಕೆ ಬಿಟ್ಟ. 1858ರಲ್ಲಿ ಪ್ಯಾರಿಸ್ಸಿನಲ್ಲಿ ಗೋತಿಯೆ ಬ್ಯಾಲೆ ಕಟ್ಟಿದ. ಇವುಗಳಲ್ಲೆಲ್ಲ ಕಾಡು ದೊಡ್ಡದು, ಆಸ್ಥಾನ ಚಿಕ್ಕದು. ಕಮೀಲ್ ಕ್ಲೋದೆಲ್ ಮಾತ್ರ ಬೇರೆ. 1888ರಲ್ಲಿ ಅವಳು ಶಿಲ್ಪಕ್ಕೆ ಆರಿಸಿಕೊಂಡದ್ದು ಏಳನೆಯ ಅಂಕದ ಕ್ಷಣವನ್ನು, ಮಂಡಿಯೂರಿದ ಗಂಡು, ಅವನ ಮೇಲೆ ಬಾಗಿದ ಹೆಣ್ಣು. ಗುರುವೂ ಪ್ರಿಯನೂ ಆಗಿದ್ದ ರೋದಾನ ನೆರಳಿನಲ್ಲಿ ಬದುಕುತ್ತಿದ್ದ ಹೆಣ್ಣೊಬ್ಬಳು, ತಪ್ಪಿತಸ್ಥ ಗಂಡಸು ಮಂಡಿಯೂರುವ ಗಳಿಗೆಯನ್ನೇ ಹುಡುಕಿ ತೆಗೆದದ್ದು ಆಕಸ್ಮಿಕವೆಂದು ನಾನು ನಂಬಲಾರೆ.

ಹೊಗಳಿಕೆಯ ಈ ಹೊಳೆಗೆ ಅಡ್ಡಗಟ್ಟೆ ಹಾಕಿದವನು ಜೇಮ್ಸ್ ಮಿಲ್. 1817ರಲ್ಲಿ ಹೊರಬಂದ ಬ್ರಿಟಿಷ್ ಇಂಡಿಯಾದ ಚರಿತ್ರೆಯಲ್ಲಿ ಅವನು, ಇಂಥ ಕಾಡುಕಾವ್ಯ ಸಮಾಜ ಇನ್ನೂ ಬೆಳೆಯದ ಹಂತದ ಲಕ್ಷಣವೇ ಹೊರತು ನಾಗರಿಕತೆಯ ಗುರುತಲ್ಲ ಎಂದು ವಾದಿಸಿದ. ಜರ್ಮನರು ಯಾವುದಕ್ಕಾಗಿ ಮೆಚ್ಚಿದರೋ ಮಿಲ್ ಅದಕ್ಕಾಗಿಯೇ ಬೈದ. ಇಬ್ಬರೂ ಓದಿದ್ದು ಒಂದನೆಯ ಅಂಕವನ್ನೇ. ಆಳುವವರಿಗೆ ಈ ನಾಟಕ ಇಬ್ಬಂದಿಯಾಯಿತು. ಮೋನಿಯರ್ ವಿಲಿಯಮ್ಸ್ 1853ರಲ್ಲಿ ದೇವನಾಗರಿ ಪಾಠವನ್ನು ಸಂಪಾದಿಸಿದ, ಆಮೇಲೆ ಅಂದಚಂದದ ಇಂಗ್ಲಿಷ್ ಅನುವಾದವನ್ನೂ ಕೊಟ್ಟ. ಅತ್ತ ಭಾರತದ ಶಾಲೆ ಕಾಲೇಜುಗಳಲ್ಲಿ ಇದನ್ನು ಪಠ್ಯವಾಗಿಡುವುದು ನೀತಿಗೆ ತಕ್ಕದ್ದಲ್ಲ ಎಂಬ ಆಕ್ಷೇಪವೂ ಎದ್ದಿತ್ತು. ಲಂಡನ್ನಿನ ಬೈಠಕಖಾನೆಯಲ್ಲಿ ಮುಗ್ಧೆಯಾಗಿದ್ದವಳು ಕಲ್ಕತ್ತೆಯ ತರಗತಿಗೆ ಬಂದಾಗ ಜಾರೆಯಾಗಿಬಿಟ್ಟಳು.

ಈ ಎರಡು ಮುಖಗಳ ನಡುವೆ ಸಿಕ್ಕಿದ ಭಾರತೀಯ ವಿದ್ಯಾವಂತನ ಪಾಡನ್ನು ನೋಡಬೇಕಾದರೆ ಬಂಗಾಳಕ್ಕೆ ಹೋಗಬೇಕು. ಈಶ್ವರಚಂದ್ರ ವಿದ್ಯಾಸಾಗರರು 1854ರಲ್ಲಿ ಬಂಗಾಳಿ ಗದ್ಯದಲ್ಲಿ ಕಥೆಯನ್ನು ಹೇಳಿದರು. ಬಂಕಿಮಚಂದ್ರರು ಶಕುಂತಲೆಯನ್ನು ಮಿರಾಂಡಾ ಮತ್ತು ಡೆಸ್ಡಿಮೋನಾರ ಪಕ್ಕ ನಿಲ್ಲಿಸಿ ತೂಗಿದರು: ಮದುವೆಗೆ ಮುಂಚಿನವಳು ಮಿರಾಂಡಾ, ಆಮೇಲಿನವಳು ಡೆಸ್ಡಿಮೋನಾ. ತಕ್ಕಡಿ ಮಾತ್ರ ಇಂಗ್ಲಿಷಿನವರದು. ಟಾಗೋರರು 1902ರಲ್ಲಿ ಬರೆದ ಪ್ರಬಂಧ ಆ ತಕ್ಕಡಿಯನ್ನು ಕೈಗೆತ್ತಿಕೊಂಡೇ ಅದನ್ನು ಮುರಿಯುತ್ತದೆ. ಗಯಟೆಯ ನಾಲ್ಕು ಸಾಲುಗಳಿಂದ ಹೊರಟು, ಆ ಮೆಚ್ಚುಗೆಯಲ್ಲಿ ಹೂವಿನ ಜೊತೆ ಹಣ್ಣಿನ ಮಾತೂ ಇರುವುದನ್ನು ಹಿಡಿದು, ನಾಟಕದ ಗುರಿ ಮೊದಲ ಅಂಕದ ಪ್ರಣಯವಲ್ಲ, ಕೊನೆಯ ಅಂಕದ ಪುನರ್ಮಿಲನ ಎಂದರು. ಒಲವಿನಲ್ಲಿ ಮೈಮರೆತು ಅತಿಥಿಯಾಗಿ ಬಂದ ದುರ್ವಾಸನನ್ನು ಕಾಣದಾದ ಪ್ರೇಮ ಲೋಕಕ್ಕೆ ಬೆನ್ನು ಹಾಕಿದ ಪ್ರೇಮ. ಅದು ತಪಸ್ಸಿನಲ್ಲಿ ಬೇಯಬೇಕು, ಆಗ ಮಾತ್ರ ಕೊನೆಯ ಅಂಕದ ಮಾರೀಚಾಶ್ರಮದಲ್ಲಿ ಸಿಗುವ ಶಾಂತಿ. ಹಿಂದಿನ ವರ್ಷವಷ್ಟೇ ಶಾಂತಿನಿಕೇತನದಲ್ಲಿ ಬ್ರಹ್ಮಚರ್ಯಾಶ್ರಮವೆಂಬ ಶಾಲೆ ತೆರೆದಿದ್ದವರು ಇದನ್ನು ಬರೆದರು ಎಂಬುದನ್ನು ನೆನಪಿಟ್ಟುಕೊಂಡರೆ, ಈ ಓದಿನ ಆಶ್ರಮ ಕಾಳಿದಾಸನದಷ್ಟೇ ಟಾಗೋರರದೂ ಹೌದೆಂದು ಗೊತ್ತಾಗುತ್ತದೆ. ಜಾರೆ ಎಂದ ವಸಾಹತು ಅಧಿಕಾರಿಗೂ ಇದರಲ್ಲಿ ಉತ್ತರವಿತ್ತು. ಆ ಉತ್ತರಕ್ಕೆ ತೆತ್ತ ಬೆಲೆ ಎಂದರೆ, ಮೋಸಹೋದವಳೂ ತಪ್ಪಿತಸ್ಥಳಾಗಿ ತಪಸ್ಸಿಗೆ ಕುಳಿತುಕೊಳ್ಳಬೇಕಾಯಿತು.

ಆ ಪ್ರಬಂಧವನ್ನು ಬಯ್ಯುವವರು ಅದರ ಒಂದು ಕಡೆಯನ್ನು ಓದಿರುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ವಿಮರ್ಶಕರು ಪುಸ್ತಕ ಹಿಡಿದು ಕುಳಿತಿದ್ದಾಗ ಊರಿನ ಜನ ಶಾಕುಂತಲವನ್ನು ಬೇರೆ ಹಾದಿಯಿಂದ ತಮ್ಮದಾಗಿಸಿಕೊಳ್ಳುತ್ತಿದ್ದರು. ಕನ್ನಡದಲ್ಲಿ ಧಾರವಾಡದ ಕಡೆಯಿಂದ ಚುರಮರಿ ಶೇಷಗಿರಿರಾಯರು 1870ರ ಸುಮಾರಿಗೆ ಇದನ್ನು ತಂದರು. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಸ್ಥಾನದ ಬಸವಪ್ಪ ಶಾಸ್ತ್ರಿಗಳು 1880ರ ದಶಕದಲ್ಲಿ ತಂದರು. ಅವರ ಪದ್ಯಗಳು ಎಷ್ಟು ಹಿಡಿಸಿದವೆಂದರೆ ಶಾಸ್ತ್ರಿಗಳಿಗೆ 'ಅಭಿನವ ಕಾಳಿದಾಸ' ಎಂಬ ಹೆಸರೇ ಅಂಟಿಕೊಂಡಿತು. ಅರಮನೆಯ ನಾಟಕ ಕಂಪನಿಗೆ ಅದು ಸಲ್ಲುವ ನಾಣ್ಯವಾಯಿತು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ 'ಸಂಗೀತ ಶಾಕುಂತಲ' ಆಡಿಸಿದರು. ಮರಾಠಿ ಸಂಗೀತ ನಾಟಕದ ಹುಟ್ಟುಹಬ್ಬ ಅದೇ ದಿನ. ಆ ರಾತ್ರಿ ಆಡಿದ್ದು ಮೊದಲ ನಾಲ್ಕು ಅಂಕ ಮಾತ್ರ. ಸಿದ್ಧತೆ ಅಷ್ಟೇ ಆಗಿದ್ದಿರಬಹುದು. ಆದರೂ ಪ್ರೇಕ್ಷಕ ಮಗಳನ್ನು ಬೀಳ್ಕೊಟ್ಟು ಕಣ್ಣೊರೆಸಿಕೊಂಡು ಮನೆಗೆ ಹೋದ. ಆಸ್ಥಾನದಲ್ಲಿ ಅವಳ ಮೇಲೆ ಬಿದ್ದ ಕೆಸರನ್ನು ಆ ರಾತ್ರಿ ನೋಡಬೇಕಾಗಲಿಲ್ಲ.

ಕಿರ್ಲೋಸ್ಕರರ ಕಂಪನಿಗೆ 1905ರಲ್ಲಿ ಮಿರಜಿನಲ್ಲಿ ಬಂದು ಶಕುಂತಲೆಯಾಗಿ ರಂಗವೇರಿದವರು ಬಾಲಗಂಧರ್ವರು. ಗಂಡಸೊಬ್ಬ ಆಡಿ ತೋರಿಸಿದ ನಾಚಿಕೆಯನ್ನು ಮನೆಮನೆಯ ಹೆಂಗಸರು ಅನುಕರಿಸಿದ ಕಾಲ ಅದು. ರಾಜಾ ರವಿವರ್ಮನ ಶಕುಂತಲೆಯರೂ ಇದೇ ಗುಂಪಿನವರು. ಒಬ್ಬಳು ಬೋರಲು ಮಲಗಿ ಕಮಲದೆಲೆಯ ಮೇಲೆ ಪತ್ರ ಬರೆಯುತ್ತಾಳೆ, ಇನ್ನೊಬ್ಬಳು ಕಾಲಿನ ಮುಳ್ಳು ತೆಗೆಯುವ ನೆಪದಲ್ಲಿ ಹಿಂತಿರುಗಿ ನೋಡುತ್ತಾಳೆ. ಮೋನಿಯರ್ ವಿಲಿಯಮ್ಸನ ಅನುವಾದದ ಮುಂದಿನ ಮುದ್ರಣಕ್ಕೆ ಪತ್ರ ಬರೆಯುವವಳ ಚಿತ್ರವೇ ಮುಖಚಿತ್ರವಾಯಿತು. ಮುಳ್ಳು ತೆಗೆಯುವವಳು ಕ್ಯಾಲೆಂಡರಿಗೆ ಇಳಿದು ಅಡುಗೆಮನೆಯ ಗೋಡೆಯವರೆಗೆ ಬಂದಳು. ಸಭೆಯಲ್ಲಿ ಕಣ್ಣು ಕೆಂಪಗೆ ಮಾಡಿ ನಿಂತ ಶಕುಂತಲೆ ಯಾವ ಕ್ಯಾಲೆಂಡರಿಗೂ ಬರಲಿಲ್ಲ. ಸಿನಿಮಾ ಬಂದಾಗ 1940ರ ತಮಿಳು ಚಿತ್ರದಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿ, 1943ರಲ್ಲಿ ಶಾಂತಾರಾಮರ ಹಿಂದಿ ಚಿತ್ರದಲ್ಲಿ ಜಯಶ್ರೀ. ಕನ್ನಡದಲ್ಲಿ ನನ್ನ ತಲೆಮಾರಿನ ಎಷ್ಟೋ ಜನಕ್ಕೆ ದುಷ್ಯಂತನೆಂದರೆ 'ಕವಿರತ್ನ ಕಾಳಿದಾಸ'ದ (1983) ರಾಜ್‌ಕುಮಾರ್. ಆ ಮುಖದ ಮೇಲೆ ಸಿಟ್ಟು ಮಾಡಿಕೊಳ್ಳುವುದು ಯಾವ ಸ್ತ್ರೀವಾದಿಗೂ ಸುಲಭವಲ್ಲ. ವ್ಯಾಖ್ಯಾನವನ್ನು ವಿಮರ್ಶಕರು ಮಾತ್ರ ಮಾಡುವುದಿಲ್ಲ, ಪಾತ್ರಧಾರಿಯ ಮೇಲಿನ ಪ್ರೀತಿಯೂ ಮಾಡುತ್ತದೆ.

ಕನ್ನಡ ವಿಮರ್ಶೆಯಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ 'ಸಂಸ್ಕೃತ ನಾಟಕ' (1937) ಪರಂಪರೆಯ ಓದಿಗೆ ಭದ್ರವಾದ ಅಡಿಪಾಯ. ಶ್ರೀರಂಗರ 'ಕಾಳಿದಾಸ' ನಾಟಕಕಾರನೊಬ್ಬ ನಾಟಕಕಾರನನ್ನು ಓದಿದ ಪುಸ್ತಕ. 1971ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಎಸ್.ವಿ. ಪರಮೇಶ್ವರ ಭಟ್ಟರು ಕಾಳಿದಾಸನ ಕೃತಿಗಳನ್ನೆಲ್ಲ ಕನ್ನಡಿಸಿದರು. ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ 'ಲೋಕಶಾಕುಂತಲ' ಎಂದು ಹೆಸರಿಟ್ಟು ರಂಗಕ್ಕೆ ಒಗ್ಗಿಸಿದರು.

ಹೊರಗಿನ ರಂಗಭೂಮಿಯ ಮಾತು ಚುಟುಕಾಗಿ: 1914ರಲ್ಲಿ ಮಾಸ್ಕೋದ ಕಾಮೆರ್ನಿ ರಂಗಮಂದಿರವನ್ನು ತಾಯಿರೋವ್ ತೆರೆದದ್ದು ಶಾಕುಂತಲದಿಂದ, 1960ರಲ್ಲಿ ಪೋಲೆಂಡಿನಲ್ಲಿ ಗ್ರೊಟೊವ್‌ಸ್ಕಿ ಆಡಿಸಿದ. ಸಹಜಾಭಿನಯದ ಕಟ್ಟು ಹರಿಯಲು ಬಯಸಿದವರಿಗೆಲ್ಲ ಕುದುರೆ ರಥಗಳನ್ನು ಬರಿಯ ಅಭಿನಯದಲ್ಲೇ ಕಾಣಿಸುವ ಈ ರಂಗವಿಧಾನ ಆಯುಧವಾಗಿ ಒದಗಿತು. ಅಂಥವರಿಗೆ ಶಕುಂತಲೆಯ ನ್ಯಾಯಾನ್ಯಾಯ ಮುಖ್ಯವಾಗಿರಲಿಲ್ಲ.

ಐದನೆಯ ಅಂಕಕ್ಕೆ ಬೆಳಕು ಬಿದ್ದದ್ದು ತಡವಾಗಿ. ಗರ್ಭಿಣಿ ಹೆಂಗಸು, ಜೊತೆಗೆ ಗೌತಮಿ ಮತ್ತು ಇಬ್ಬರು ಶಿಷ್ಯರು. ರಾಜ ಗುರುತಿಸುವುದಿಲ್ಲ. ಉಂಗುರ ತೋರಿಸಹೋದರೆ ಬೆರಳು ಖಾಲಿ. ಹೆಣ್ಣುಜಾತಿಗೆ ಕಲಿಸದೆಯೇ ಕಪಟ ಬರುತ್ತದೆಂದು ರಾಜ ಕೋಗಿಲೆಯ ಉದಾಹರಣೆ ಕೊಡುತ್ತಾನೆ. ಆಗ ಅವಳು ಸಿಡಿಯುತ್ತಾಳೆ, ಅನಾರ್ಯ ಎನ್ನುತ್ತಾಳೆ, ಹುಲ್ಲು ಮುಚ್ಚಿದ ಬಾವಿ ಎನ್ನುತ್ತಾಳೆ. ಆದರೆ ಅವಳನ್ನು ಕೈಬಿಡುವವನು ರಾಜನೊಬ್ಬನೇ ಅಲ್ಲ. ತವರಿನಿಂದ ಬಂದ ಶಾರ್ಙ್ಗರವನೇ ಹೇಳುತ್ತಾನೆ: ರಾಜ ಹೇಳಿದ್ದು ನಿಜವಾದರೆ ನಿನ್ನಿಂದ ಅಪ್ಪನಿಗೇನಾಗಬೇಕು, ನೀನು ಶುದ್ಧಳಾದರೆ ಗಂಡನ ಮನೆಯಲ್ಲಿ ಊಳಿಗಕ್ಕಿದ್ದರೂ ಸರಿ. ಹೋಗಲು ಎರಡೂ ಮನೆಯಿಲ್ಲದ ಬಸುರಿಯನ್ನು ಕೊನೆಗೆ ಆಕಾಶದ ಬೆಳಕೊಂದು ಎತ್ತಿಕೊಂಡು ಹೋಗಬೇಕಾಗುತ್ತದೆ. ನಾಲ್ಕನೆಯ ಅಂಕದಲ್ಲಿ ಅತ್ತ ತವರು ಇದೇ. ಎರಡು ಅಂಕಗಳನ್ನು ಒಟ್ಟಿಗೆ ಓದಿದವರು ಹಳಬರಲ್ಲಿ ಎಷ್ಟು ವಿರಳ!

ಶಾಂತಾರಾಮರು 1961ರಲ್ಲಿ ಅದೇ ಕಥೆಗೆ ಮರಳಿ 'ಸ್ತ್ರೀ' ತೆಗೆದಾಗ ಕಾಳಿದಾಸನನ್ನು ಬಿಟ್ಟು ಮಹಾಭಾರತದ ಕಡೆ ಹೊರಳಿದರು. ಇದೊಂದು ದಿಕ್ಸೂಚಿ. 1999ರಲ್ಲಿ ರೊಮಿಲಾ ಥಾಪರ್ ಅವರ ಶಕುಂತಲೆಯ ಕುರಿತ ಪುಸ್ತಕ ಬಂದು ಮಹಾಕಾವ್ಯದ ಕಥೆ, ನಾಟಕ, ಅನುವಾದಗಳು, ಟಾಗೋರರ ಓದು ಎಲ್ಲವನ್ನೂ ಅಕ್ಕಪಕ್ಕ ಇಟ್ಟಿತು. ಗಣಸಮಾಜದ ಸ್ವತಂತ್ರ ಹೆಣ್ಣು, ಅರಸೊತ್ತಿಗೆಯ ಕಾಲದ ವಿನೀತೆ, ಯುರೋಪಿನ ಪ್ರಕೃತಿಕನ್ಯೆ, ರಾಷ್ಟ್ರೀಯತೆಯ ಪತಿವ್ರತೆ ಎಂದು ಒಂದೇ ಹೆಸರಿನ ಹಲವು ಹೆಂಗಸರನ್ನು ಇತಿಹಾಸಕಾರರ ಕಣ್ಣಿನಿಂದ ಬಿಡಿಸಿ ತೋರಿಸಿದ ಪುಸ್ತಕ ಅದು. ಕನ್ನಡದಲ್ಲಿ ವೈದೇಹಿಯವರ 'ಶಕುಂತಳೆಯೊಂದಿಗೆ ಕಳೆದ ಅಪರಾಹ್ನ' ಇದೇ ಕೆಲಸವನ್ನು ಕಥೆಯ ದಾರಿಯಲ್ಲಿ ಮಾಡುತ್ತದೆ. ಅಲ್ಲಿ ಶಕುಂತಲೆ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುತ್ತಾಳೆ. ಕವಿ ರಾಜನಿಗೆ ಒದಗಿಸಿದ ಸಮಜಾಯಿಷಿ ಅವಳಿಗೆ ಬೇಡ. ಥಾಪರ್ ಅವರ ಪಾಂಡಿತ್ಯದ ಎದುರು ಒಂದು ಸಣ್ಣಕಥೆಯನ್ನು ತೂಗುವುದು ಸಲ್ಲದೇನೋ. ಆದರೂ ಶಾಪದ ಮರೆಯನ್ನು ಎತ್ತಿಬಿಡುವುದರಲ್ಲಿ ಕಥೆಗೆ ಇರುವ ಸಲೀಸು ಸಂಶೋಧನೆಗೆ ಇಲ್ಲ.

ಈಗ ಶಾಪವೆಂದರೆ ಗಂಡಸಿನ ಮರೆವಿಗೆ ಬರೆದುಕೊಟ್ಟ ಜಾಮೀನುಪತ್ರ ಎಂಬ ಮಾತು ವಿದ್ಯಾರ್ಥಿಗಳ ಪ್ರಬಂಧಗಳಿಗೂ ಇಳಿದಿದೆ. ನನಗೆ ಇದು ಅರ್ಧ ಸರಿ ಎನ್ನಿಸುತ್ತದೆ. ಉಳಿದರ್ಧಕ್ಕೆ ಐದನೆಯ ಅಂಕದ ಬಾಗಿಲಲ್ಲೇ ಕಾಳಿದಾಸ ಒಂದು ಹಾಡನ್ನಿಟ್ಟಿದ್ದಾನೆ. ಶಕುಂತಲೆ ಇನ್ನೂ ಬಂದಿಲ್ಲ. ಅಂತಃಪುರದಿಂದ ಹಂಸಪದಿಕೆ ಹಾಡುವುದು ಕೇಳಿಸುತ್ತದೆ: ಒಂದು ಹೂವಿಗೆ ಎರಗಿ ಅದನ್ನು ಮರೆತು ಮತ್ತೊಂದಕ್ಕೆ ಹೋದ ದುಂಬಿಯ ಮೇಲಿನ ದೂರು. ಅವಳು ಒಂದು ಕಾಲದಲ್ಲಿ ತಾನು ಒಲಿದವಳೆಂದು ರಾಜ ಒಪ್ಪಿಕೊಂಡು, ನಕ್ಕು, ವಿದೂಷಕನನ್ನು ಸಮಾಧಾನಕ್ಕೆ ಕಳಿಸುತ್ತಾನೆ. ಹಂಸಪದಿಕೆಯನ್ನು ಮರೆಯಲು ಯಾವ ಋಷಿಯ ಶಾಪ ಬೇಕಾಗಿತ್ತು? ಶಾಪದಿಂದ 'ಆದ' ಮರೆವು ಆ ಅರಮನೆಯಲ್ಲಿ ದಿನನಿತ್ಯದ ರೂಢಿ ಎಂಬುದನ್ನು ಕವಿ, ನಾಯಕನಿಗೆ ಜಾಮೀನು ಕೊಟ್ಟ ಕೈಯಿಂದಲೇ, ಪಕ್ಕದಲ್ಲಿ ಬರೆದಿಟ್ಟಿದ್ದಾನೆ. ಇದನ್ನು ಗಟ್ಟಿಯಾಗಿ ಹೇಳಿದವರು ಯಾರು? ಏಳನೆಯ ಅಂಕದ ಭಕ್ತರೆಂದು ನಾವು ಪಕ್ಕಕ್ಕಿಟ್ಟ ಟಾಗೋರರು. ಶಾಪವು ಮಾಡಿದಂತೆ ಕಾಣುವುದರ ಬೀಜ ರಾಜನ ಸ್ವಭಾವದಲ್ಲೇ ಇತ್ತೆಂದು ಹಂಸಪದಿಕೆಯ ಹಾಡಿನಿಂದ ಅವರು ತೋರಿಸಿದ್ದರು. ನಾಯಕನ ಮಾನ ಉಳಿಸಿದ ಕುಂತಕನ ಕವಿಯೂ, ನಾಯಕನ ಮೇಲೆ ದೂರು ದಾಖಲಿಸಿದ ಟಾಗೋರರ ಕವಿಯೂ ಒಬ್ಬನೇ. ಹೊಸ ಓದುಗರು ನಾಟಕದ ವಿರುದ್ಧ ಹೂಡುವ ವ್ಯಾಜ್ಯದ ಸಾಕ್ಷಿಗಳಲ್ಲಿ ಒಳ್ಳೆಯವರೆಲ್ಲ ನಾಟಕದೊಳಗಿನವರೇ.

ಬೇರೆಯ ದಿಕ್ಕಿನಿಂದಲೂ ಪ್ರಶ್ನೆಗಳು ಬರುತ್ತಿವೆ. ಆಶ್ರಮದ ಜಿಂಕೆಗೆ ಬಾಣ ಹೂಡಬೇಡ ಎಂದು ತಪಸ್ವಿಗಳು ತಡೆಯುವ ಮೊದಲ ದೃಶ್ಯ ಪರಿಸರದ ಓದಿಗೆ ಸಿಕ್ಕಿದೆ. ಈ ಹುಡುಗಿ ಕ್ಷತ್ರಿಯ ಮದುವೆಯಾಗಬಹುದಾದವಳೇ ಎಂದು ರಾಜ ಮೊದಲು ಲೆಕ್ಕ ಹಾಕುವುದು, ಆಮೇಲೆ ತನ್ನ ಮನಸ್ಸು ಒಲಿದದ್ದೇ ಪ್ರಮಾಣ ಎನ್ನುವುದು, ಜಾತಿಯ ಓದಿಗೆ ಹೇರಳ ಸಾಮಗ್ರಿ.

ಆದರೆ ನನ್ನ ಮಟ್ಟಿಗೆ ಇನ್ನೂ ತಕ್ಕ ಓದುಗರಿಗಾಗಿ ಕಾದಿರುವುದು ಆರನೆಯ ಅಂಕ. ಅದರ ಮೊದಲಲ್ಲಿ ಇಬ್ಬರು ಪೇದೆಗಳು ಶಕ್ರಾವತಾರದ ಬೆಸ್ತನೊಬ್ಬನ ಕೈ ಕಟ್ಟಿ ಎಳೆತರುತ್ತಾರೆ. ರಾಜನ ಹೆಸರಿನ ಉಂಗುರ ನಿನಗೆಲ್ಲಿಂದ ಬಂತು ಎಂದು ಹೊಡೆಯುತ್ತಾರೆ. ಅವರ ಮೇಲಧಿಕಾರಿ ರಾಜನ ಭಾವಮೈದುನ. ಬೆಸ್ತನ ಕಸುಬನ್ನು ಹಂಗಿಸುತ್ತಾನೆ. ಹುಟ್ಟಿನಿಂದ ಬಂದ ಕಸುಬು ಹೀನವೆನಿಸಿದರೂ ಬಿಡಲಾಗದು, ಯಜ್ಞದಲ್ಲಿ ಪಶುವನ್ನು ಕೊಲ್ಲುವ ಶ್ರೋತ್ರಿಯನೂ ಕರುಣೆಯುಳ್ಳವನೇ ಅಲ್ಲವೇ ಎಂದು ಬೆಸ್ತ ಮೆಲ್ಲಗೆ ತಿರುಗೇಟು ಕೊಡುತ್ತಾನೆ. ರಾಜ ಉಂಗುರದ ಬೆಲೆಯಷ್ಟೇ ಬಹುಮಾನ ಕಳಿಸಿದಾಗ ಪೇದೆಗಳ ಮುಖ ಬದಲಾಗುತ್ತದೆ. ಬೆಸ್ತ ಅರ್ಧ ಹಣವನ್ನು ಅವರಿಗೆ ಕೊಡುತ್ತಾನೆ, ಎಲ್ಲರೂ ಹೊಸ ಗೆಳೆತನಕ್ಕಾಗಿ ಹೆಂಡದಂಗಡಿಗೆ ನಡೆಯುತ್ತಾರೆ. ಬೆಸ್ತನಿಗೆ ಕವಿ ಹೆಸರನ್ನೂ ಕೊಟ್ಟಿಲ್ಲ. ಅವನು ಆಡುವುದು ಮಾಗಧೀ ಪ್ರಾಕೃತ. ಸಂಸ್ಕೃತ ರಂಗದಲ್ಲಿ ರಾಜನೂ ಹೆಂಗಸರೂ ಬೆಸ್ತನೂ ಬೇರೆ ಬೇರೆ ನುಡಿಗಳಲ್ಲಿ ಮಾತಾಡುತ್ತಿದ್ದರು. ಒಂದೇ ಹದದ ಶಿಷ್ಟ ಕನ್ನಡಕ್ಕೆ ತಂದಾಗ ಆ ಅಂತರ ಮುಚ್ಚಿಹೋಗುತ್ತದೆ. ರಾಜ ಪುಸ್ತಕದ ಕನ್ನಡವನ್ನೂ ಬೆಸ್ತ ಕರಾವಳಿಯ ಮೊಗವೀರರ ಕನ್ನಡವನ್ನೂ ಆಡುವ ಪ್ರಯೋಗವೊಂದು ಬಂದರೆ ಅರ್ಧ ವಿಮರ್ಶೆ ಅಲ್ಲೇ ಆದಂತೆ.

ಅದೇ ಅಂಕದಲ್ಲಿ ಇನ್ನೊಂದು ಕಡತ ಬರುತ್ತದೆ. ಧನಮಿತ್ರನೆಂಬ ಸಮುದ್ರ ವ್ಯಾಪಾರಿ ಹಡಗೊಡೆದು ಸತ್ತಿದ್ದಾನೆ, ಮಕ್ಕಳಿಲ್ಲ, ಆಸ್ತಿ ಬೊಕ್ಕಸಕ್ಕೆ ಸೇರಬೇಕೆಂದು ಮಂತ್ರಿ ಬರೆದು ಕಳಿಸುತ್ತಾನೆ. ಹೆಂಡಿರಲ್ಲಿ ಯಾರಾದರೂ ಬಸುರಿಯಿದ್ದಾಳೋ ವಿಚಾರಿಸಿ ಎನ್ನುತ್ತಾನೆ ರಾಜ. ಒಬ್ಬಳಿದ್ದಾಳೆ, ಸಾಕೇತದ ಶ್ರೇಷ್ಠಿಯ ಮಗಳು. ಹಾಗಾದರೆ ಗರ್ಭದಲ್ಲಿರುವ ಮಗುವಿಗೇ ತಂದೆಯ ಆಸ್ತಿ ಸಲ್ಲತಕ್ಕದ್ದು ಎಂದು ದುಷ್ಯಂತ ತೀರ್ಪು ಕೊಡುತ್ತಾನೆ. ಧರ್ಮಶಾಸ್ತ್ರದ ಇತಿಹಾಸ ಬರೆಯುವವರು ವಾರಸುದಾರಿಕೆಯ ನಿಯಮಕ್ಕೆಂದು ಈ ಭಾಗವನ್ನು ನೋಡುತ್ತಾರೆ. ವಿಮರ್ಶಕರು ರಾಜನ ಪಶ್ಚಾತ್ತಾಪಕ್ಕೆ ಪೀಠಿಕೆಯೆಂದು ಓದಿ ಮುಂದೆ ಹೋಗುತ್ತಾರೆ. ಬಸುರಿಯನ್ನು ಕಣ್ಣೆದುರು ನಿಲ್ಲಿಸಿಕೊಂಡು, ಪರರ ಹೆಂಡತಿಯನ್ನು ಮುಟ್ಟಿದ ಪಾಪ ನನಗೇಕೆ ಎಂದು ಹಿಂದಿನ ಅಂಕದಲ್ಲಿ ಹೊರಹಾಕಿದ್ದವನು, ಮುಖ ನೋಡದ ಬಸುರಿಯೊಬ್ಬಳಿಗೆ ಒಂದೇ ಮಾತಿನಲ್ಲಿ ನ್ಯಾಯ ಕೊಡುತ್ತಾನೆ. ಅವಳ ಬಳಿ ಉಂಗುರವಿದೆಯೇ ಎಂದು ಈ ಸಲ ಯಾರೂ ಕೇಳುವುದಿಲ್ಲ.